ಹೈಫಾ ಮತ್ತು ಹರಿತಾನ್ : ಮೈಸೂರಿನ ರಾವುತರ ಚರಿತ್ರೆ

ಬೆಂಗಳೂರು ಎಂಬ ಊರಿನ ಹೆಸರು ಚರಿತ್ರೆಯಲ್ಲಿ ಮೊಟ್ಟಮೊದಲು ಕಾಣಬರುವುದು ಯಾವ ಅರಸನ ದಾನಶಾಸನದಲ್ಲಿಯೂ ಅಲ್ಲ. ಕಾಳಗದಲ್ಲಿ ಮಡಿದವರನ್ನು ಕುರಿತ ಒಂದು ಕಲ್ಲಿನಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ. ಶ. 890ರ ಕಾಲದ ಆ ಶಾಸನವು, ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗನಾದ ಬುಟ್ಟಣಸೆಟ್ಟಿಯು ಸತ್ತನೆಂದು ತಿಳಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಅದೇ ನಾಗತ್ತರನ ಮನೆಯ ಸೇವಕನೂ ಸತ್ತನೆಂದು ಹೇಳಿ, ಅವನ ಹೆಸರು ಪೆರ್ವೊಣಸೆಟ್ಟಿಯೆಂಬುದನ್ನೂ ಕೆತ್ತಿದೆ. ಒಡೆಯನ ಮಗನೂ ಮನೆಯ ಆಳೂ ಒಂದೇ ಕಲ್ಲಿನಲ್ಲಿ, ಒಂದೇ ಬಗೆಯ ಮಾತಿನಲ್ಲಿ ಸ್ಮರಿಸಲ್ಪಟ್ಟಿರುವರು. ಕನ್ನಡ ನಾಡಿನ ವೀರಗಲ್ಲುಗಳ ಪದ್ಧತಿಯೇ ಇಂಥದು. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವಣ ಪಟ್ಟಿಕೆಯಲ್ಲಿ ವೀರನನ್ನು ಕೊಂಡೊಯ್ಯುವ ದೇವಕನ್ನಿಕೆಯರು, ಮೇಲಣ ಪಟ್ಟಿಕೆಯಲ್ಲಿ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ತುರುಗೋಳಿನಲ್ಲಿ ಊರ ದನಗಳನ್ನು ಬಿಡಿಸಲು ಹೋಗಿ ಮಡಿದ ಸಾಮಾನ್ಯನಿಗೂ ಆ ಮೂರನೆಯ ಪಟ್ಟಿಕೆಯ ಸ್ಥಾನವು ತಪ್ಪುತ್ತಿರಲಿಲ್ಲ.

ಇದಕ್ಕೆ ಸಾವಿರ ವರ್ಷಗಳ ತರುವಾಯ, 1914ರಿಂದ 1919ರವರೆಗಿನ ಮಹಾಯುದ್ಧವು ಮುಗಿದ ಮೇಲೆ, ಭಾರತದ ಅನೇಕ ಗ್ರಾಮಗಳಲ್ಲಿ ಸರಕಾರದವರು ಸಣ್ಣ ಸಣ್ಣ ಫಲಕಗಳನ್ನು ನಿಲ್ಲಿಸಿದರು. ಬೆಂಗಳೂರಿನ ಸುತ್ತಮುತ್ತಣ ಕೆಲವು ಗ್ರಾಮಗಳಲ್ಲಿಯೂ ಅಂಥವುಗಳುಂಟು. ಈ ಗ್ರಾಮದಿಂದ ಇಷ್ಟು ಮಂದಿ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣಕೊಟ್ಟರು ಎಂಬುದೇ ಅವುಗಳಲ್ಲಿನ ಒಕ್ಕಣೆ. ಸಂಖ್ಯೆಯುಂಟು, ಹೆಸರಿಲ್ಲ. ಪೆರ್ವೊಣಸೆಟ್ಟಿಯ ಹೆಸರನ್ನು ಉಳಿಸಿಕೊಂಡ ನಾಡಿನಲ್ಲಿಯೇ, ಮುದ್ರಣಾಲಯಗಳೂ ದಫ್ತರಗಳೂ ತುಂಬಿದ ಕಾಲದಲ್ಲಿ, ಸಮುದ್ರದಾಚೆ ಮಡಿದ ಸೈನಿಕನು ಒಂದು ಅಂಕಿಯಾಗಿ ಉಳಿದನು. ಹೀಗೆ ಅಂಕಿಗಳಾಗಿ ಉಳಿದವರ ಬಾಳನ್ನು ಹುಡುಕಹೊರಟವರಿಗೆ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಸವಾರರ ದಳದ ವೃತ್ತಾಂತವು ಬಹಳ ಬೋಧಪ್ರದವಾದುದು. ಏಕೆಂದರೆ ಆ ದಳವು ಮರೆತುಹೋದ ದಳವೇನೂ ಅಲ್ಲ. ಅದರ ಒಂದು ದಿನವು ಜಗತ್ಪ್ರಸಿದ್ಧವಾಗಿದೆ. ಆದರೆ ಆ ಒಂದು ದಿನದ ಬೆಳಕಿನಲ್ಲಿ ಮಿಕ್ಕ ನಾಲ್ಕು ವರ್ಷಗಳೂ, ಅದಕ್ಕಿಂತಲೂ ಹೆಚ್ಚು ರಕ್ತವನ್ನು ಕೊಂಡ ಮತ್ತೊಂದು ದಿನವೂ ಕಣ್ಮರೆಯಾಗಿವೆ.

ಮೈಸೂರು ಸಂಸ್ಥಾನದ ಅಶ್ವದಳಕ್ಕೆ ಹಳೆಯ ಇತಿಹಾಸವಿದೆ. ಶ್ರೀರಂಗಪಟ್ಟಣದ ಪತನಾನಂತರ, ದಿವಾನ್ ಪೂರ್ಣಯ್ಯನವರ ಆಡಳಿತ ಕಾಲದಲ್ಲಿ, ಸಿಲ್ಲೇದಾರರೆಂಬ ಸವಾರರ ಪಡೆಯು ಕ್ರಮಪಡಿಸಲ್ಪಟ್ಟಿತು. 1807ರ ಒಡಂಬಡಿಕೆಯಂತೆ ಮೈಸೂರು ಸಂಸ್ಥಾನವು 4,000 ಸವಾರರನ್ನು ಸಿದ್ಧವಾಗಿಟ್ಟಿರಬೇಕಾಗಿದ್ದಿತು. 1817ರ ಡಿಸೆಂಬರಿನಲ್ಲಿ ಹೋಳ್ಕರರ ಸೈನ್ಯದೊಡನೆ ಮಹಿದಪುರದಲ್ಲಿ ನಡೆದ ಯುದ್ಧದಲ್ಲಿ ಈ ಸವಾರರು ಭಾಗವಹಿಸಿದ್ದರು. 1889ರಲ್ಲಿ ಇಂಪೀರಿಯಲ್ ಸರ್ವಿಸ್ ಸೈನ್ಯಗಳ ಯೋಜನೆಯು ಜಾರಿಗೆ ಬಂದಿತು. ದೇಶೀ ಸಂಸ್ಥಾನಗಳು ತಮ್ಮ ವೆಚ್ಚದಲ್ಲಿಯೇ ಪಡೆಗಳನ್ನು ಸಾಕಿ, ಸಾಮ್ರಾಜ್ಯಕ್ಕೆ ಅಗತ್ಯ ಬಿದ್ದಾಗ ಕಳುಹಿಸಿಕೊಡಬೇಕೆಂಬುದು ಅದರ ತಾತ್ಪರ್ಯ. ಮೈಸೂರು ಲ್ಯಾನ್ಸರ್ಸ್ ದಳವು ಈ ಯೋಜನೆಯ ಮೇರೆಗೆ ಏರ್ಪಟ್ಟುದು. ಸವಾರನ ಮುಖ್ಯ ಆಯುಧವು ಉದ್ದವಾದ ಭರ್ಜಿಯಾಗಿದ್ದುದರಿಂದ ದಳಕ್ಕೆ ಆ ಹೆಸರು ಬಂದಿತು.

ಈ ದಳದಲ್ಲಿ ಅರಸುಗಳು, ಮರಾಠರು, ಮುಸಲ್ಮಾನರು ಮುಖ್ಯವಾಗಿದ್ದರು. ಆ ಕಾಲದ ಸೈನ್ಯಾಧಿಕಾರಿಗಳಿಗೆ ಯಾವ ಜಾತಿಯು ಯುದ್ಧಕ್ಕೆ ಯೋಗ್ಯ, ಯಾವುದು ಅಯೋಗ್ಯ ಎಂಬುದರ ಬಗ್ಗೆ ಬಹಳ ಬಿಗಿಯಾದ ಕಟ್ಟಳೆಗಳಿದ್ದುವು. ಒಕ್ಕಲುತನವನ್ನೂ ವ್ಯಾಪಾರವನ್ನೂ ಕಾಯಕವಾಗಿ ಹಿಡಿದ ಲಿಂಗವಂತ ಸಮಾಜದವರು ಆ ಕಟ್ಟಳೆಯೊಳಗೆ ಸುಲಭವಾಗಿ ಬರುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜನರ ಅಗತ್ಯವು ಹೆಚ್ಚಾದಾಗ ಅದೇ ಕಟ್ಟಳೆಗಳು ಸಡಿಲವಾಗಿ, ಲಿಂಗಾಯತ ಬೆಟಾಲಿಯನ್ ಎಂಬ ಹೆಸರಿನ ಪಡೆಯೇ ಭಾರತೀಯ ಸೈನ್ಯದಲ್ಲಿ ಏರ್ಪಟ್ಟಿತು. ಯೋಗ್ಯತೆಯ ಲೆಕ್ಕಾಚಾರವು ಎಷ್ಟರಮಟ್ಟಿಗೆ ಅಗತ್ಯದ ಲೆಕ್ಕಾಚಾರವಾಗಿದ್ದಿತೆಂಬುದಕ್ಕೆ ಬೇರೆ ನಿದರ್ಶನವು ಬೇಕಾಗಿಲ್ಲ.

1914ರ ಆಗಸ್ಟಿನಲ್ಲಿ ಯುದ್ಧವು ಪ್ರಾರಂಭವಾಯಿತು. ಮಹಾರಾಜ ಶ್ರೀ ಕೃಷ್ಣರಾಜ ಒಡೆಯರವರು ಯುದ್ಧದ ವೆಚ್ಚಕ್ಕಾಗಿ 50 ಲಕ್ಷ ರೂಪಾಯಿಗಳನ್ನು ಕೊಟ್ಟುದಲ್ಲದೆ ತಮ್ಮ ಅಶ್ವದಳವನ್ನೂ ಒಪ್ಪಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ದಳವು ಬೆಂಗಳೂರನ್ನು ಬಿಟ್ಟು, ಕಡಲುಮಾರ್ಗವಾಗಿ ಈಜಿಪ್ತ್ ದೇಶಕ್ಕೆ ಹೊರಟಿತು. ದಳದ ನಾಯಕತ್ವವು ರೆಜಿಮೆಂಟ್‌ದಾರ್ ಬಿ. ಚಾಮರಾಜ ಅರಸಿನವರದು. ಕಡಲನ್ನೇ ಕಾಣದ ಹಳೇ ಮೈಸೂರಿನ ಹಳ್ಳಿಗಳಿಂದ ಬಂದ ಸವಾರರಿಗೆ ಹಡಗಿನ ಪ್ರಯಾಣವೇ ಮೊದಲನೆಯ ಪರೀಕ್ಷೆ, ಕುದುರೆಗಳಿಗಂತೂ ಹೇಳತೀರದು. ಬೇಯಿಸಿದ ಹುರಳಿಯನ್ನು ತಿಂದು ಬೆಳೆದ ಪ್ರಾಣಿಗಳು ಆ ದೇಶದ ಬಾರ್ಲಿಗೂ ಹೊಟ್ಟಿಗೂ ಒಗ್ಗಿಕೊಳ್ಳಬೇಕಾಯಿತು.

ಈಜಿಪ್ತಿನಲ್ಲಿ ಮೈಸೂರು, ಹೈದರಾಬಾದು, ಪಟಿಯಾಲ ಸಂಸ್ಥಾನಗಳ ಸವಾರರನ್ನು ಸೇರಿಸಿ ಒಂದು ಬ್ರಿಗೇಡನ್ನು ರಚಿಸಿದರು. ಮುಂದೆ ಅದಕ್ಕೆ 15ನೆಯ ಇಂಪೀರಿಯಲ್ ಸರ್ವಿಸ್ ಅಶ್ವ ಬ್ರಿಗೇಡ್ ಎಂದು ಹೆಸರಾಯಿತು. ಇದರ ಕಾರ್ಯವು ಸೂಯೆಜ್ ಕಾಲುವೆಯನ್ನು ಕಾಯುವುದು. 1915ರ ಫೆಬ್ರವರಿಯ ಮೊದಲ ವಾರದಲ್ಲಿ ತುರ್ಕಿ ಸೈನ್ಯವು ಸಿನಾಯ್ ಮರುಭೂಮಿಯನ್ನು ದಾಟಿ ಬಂದು ಕಾಲುವೆಯ ಮೇಲೆ ಬಿದ್ದಿತು, ದಾಟಲಾರದೆ ಹಿಂದಿರುಗಿತು. ಅದಾದ ಮೇಲೆ ವರ್ಷಗಳು ಕಾವಲಿನಲ್ಲಿಯೇ ಕಳೆದುವು. ಮರಳಿನಲ್ಲಿ ಮುಂಜಾನೆ ಹೊರಟು ರಾತ್ರಿಯ ಹೆಜ್ಜೆಗುರುತುಗಳನ್ನು ನೋಡಿಬರುವುದು, ಕುದುರೆಗೆ ನೀರು ತೋರಿಸುವುದು, ಗೊರಸನ್ನೂ ಬೆನ್ನನ್ನೂ ಪರೀಕ್ಷಿಸುವುದು, ಮರುದಿನ ಮತ್ತೆ ಹೊರಡುವುದು. ಯುದ್ಧದ ವೃತ್ತಾಂತಗಳಲ್ಲಿ ಈ ವರ್ಷಗಳಿಗೆ ಒಂದೆರಡು ಪುಟಗಳು ಸಲ್ಲುತ್ತವೆ. ಸವಾರನ ಬಾಳಿನಲ್ಲಿಯಾದರೋ ಅವೇ ಮುಕ್ಕಾಲು ಪಾಲು. ಸೈನಿಕನೆಂದರೆ ಸದಾ ಭರ್ಜಿಯನ್ನೆತ್ತಿ ಧಾವಿಸುವವನೆಂದು ಚಿತ್ರಿಸಿಕೊಳ್ಳುವವರು ಈ ಮಾತನ್ನು ನೆನಪಿಡಬೇಕು: ಅವನ ನಿಜವಾದ ಕಾಯಕವು ಕುದುರೆಯ ಸೇವೆ. ನೀರು ಕುಡಿಸದೆ ತಾನು ಕುಡಿಯುವಂತಿಲ್ಲ, ಮೇವು ಹಾಕದೆ ತಾನು ಉಣ್ಣುವಂತಿಲ್ಲ.

1917ರ ಡಿಸೆಂಬರಿನಲ್ಲಿ ಜೆರೂಸಲೇಮು ಬ್ರಿಟಿಷರ ಕೈಸೇರಿತು. 1918ರಲ್ಲಿ ಫ್ರಾನ್ಸಿನಿಂದ ಬಂದ ಜೋಧಪುರದ ಸವಾರರು ಈ ಬ್ರಿಗೇಡನ್ನು ಸೇರಿದರು. ಆ ವರ್ಷದ ಬೇಸಗೆಯನ್ನು ಜೋರ್ಡಾನ್ ಕಣಿವೆಯಲ್ಲಿ ಕಳೆಯಬೇಕಾಯಿತು. ಸಮುದ್ರಮಟ್ಟಕ್ಕಿಂತ ಸಾವಿರ ಅಡಿಗಳಿಗೂ ಕೆಳಗಿರುವ ಆ ತಗ್ಗಿನಲ್ಲಿ ಉರಿಬಿಸಿಲು, ಧೂಳು, ಸೊಳ್ಳೆ, ಚಳಿಜ್ವರ ಇವುಗಳು ಶತ್ರುವಿಗಿಂತ ಹೆಚ್ಚು ಮಂದಿಯನ್ನು ಹಾಸಿಗೆ ಹಿಡಿಸಿದುವು. ಜುಲೈ 14ನೆಯ ದಿನ ಎಲ್ ಹಿನು ಎಂಬ ಕಡವಿನ ಬಳಿ ಜೋಧಪುರ, ಮೈಸೂರು ದಳಗಳವರು ತುರ್ಕಿ ಅಶ್ವಸೈನ್ಯದ ಮೇಲೆ ಭರ್ಜಿ ಹಿಡಿದು ನುಗ್ಗಿ ಅದನ್ನು ಚದರಿಸಿದರು. ಎರಡು ದಳಗಳ ನಡುವಣ ಸ್ನೇಹವು ಬಲಿತುದು ಅಲ್ಲಿಯೇ.

ಸೆಪ್ಟೆಂಬರ್ 19ರಂದು ಸೇನಾಪತಿ ಆಲೆನ್‌ಬಿಯವರ ಮಹಾ ಆಕ್ರಮಣವು ಪ್ರಾರಂಭವಾಗಿ, ಅಶ್ವಸೈನ್ಯಗಳು ತುರ್ಕಿ ಸಾಲುಗಳ ಹಿಂದಕ್ಕೆ ಹರಿದುಹೋದುವು. ಹೈಫಾ ರೇವನ್ನು ಹಿಡಿಯುವುದು ಅಗತ್ಯವಾಯಿತು. ಮುಂದುವರಿಯುತ್ತಿದ್ದ ಸೈನ್ಯಕ್ಕೆ ಆಹಾರ ಸಾಮಗ್ರಿಗಳು ಅಲ್ಲಿಂದಲೇ ಇಳಿಯಬೇಕು. 22ರಂದು ಕವಚದ ಮೋಟಾರುಗಳೊಡನೆ ಹೋದ ಒಂದು ತುಕಡಿಯು ಗುಂಡಿನ ಮಳೆಯನ್ನು ತಾಳಲಾರದೆ ಹಿಂದಿರುಗಿತು. ಮರುದಿನ ಆ ಕಾರ್ಯವು 15ನೆಯ ಬ್ರಿಗೇಡಿಗೆ ಬಂದಿತು.

ಹೈಫಾದ ನೆಲೆಯನ್ನು ಸ್ವಲ್ಪ ವಿವರಿಸಬೇಕು. ಇಲ್ಲದಿದ್ದರೆ ಮೈಸೂರಿನವರ ಕಾರ್ಯವು ತಿಳಿಯಲಾರದು. ಊರಿನ ಎಡಕ್ಕೆ ಕಾರ್ಮೆಲ್ ಬೆಟ್ಟ. ಬಲಕ್ಕೆ ಕಿಶೋನ್ ಹೊಳೆ ಮತ್ತು ಅದರ ಕೆಸರು. ಇವೆರಡರ ನಡುವಣ ಇಕ್ಕಟ್ಟಾದ ನೆಲದಲ್ಲಿ ರಸ್ತೆಯೂ ರೈಲುದಾರಿಯೂ ಊರನ್ನು ಹೊಗುತ್ತವೆ. ಬೆಟ್ಟದ ಮೇಲೆ ಫಿರಂಗಿಗಳು, ಅದರ ಇಳಿಜಾರಿನಲ್ಲಿ ಯಂತ್ರದ ಬಂದೂಕುಗಳು. ಬೆಟ್ಟದ ಮೇಲಣ ಫಿರಂಗಿಗಳು ಬಾಯಿ ತೆರೆದಿರುವವರೆಗೆ ಕೆಳಗಣ ಬಯಲಿನಲ್ಲಿ ಕುದುರೆಗಳನ್ನು ಓಡಿಸುವುದು ಅವುಗಳನ್ನು ಕೊಲೆಗೆ ಒಪ್ಪಿಸಿದಂತೆಯೇ ಸರಿ. ಆದುದರಿಂದ ಮೊದಲು ಮೈಸೂರು ದಳದ ಒಂದು ಸ್ಕ್ವಾಡ್ರನ್ನನ್ನು ಬೆಟ್ಟವನ್ನು ಹತ್ತಿ ಆ ಫಿರಂಗಿಗಳನ್ನು ಹಿಡಿಯುವಂತೆ ಕಳುಹಿಸಿದರು. ಅದರ ಬೆಂಬಲಕ್ಕೆ ಇಂಗ್ಲಿಷ್ ಸವಾರರ ಒಂದು ಸ್ಕ್ವಾಡ್ರನ್ ಹೋಯಿತು. ದಳದ ಮಿಕ್ಕ ಸವಾರರು ಕೆಳಗೆ ನಿಂತು ಬಂದೂಕುಗಳಿಂದ ಶತ್ರುವನ್ನು ಹಿಡಿದಿಟ್ಟರು. ಕಲ್ಲುಬಂಡೆಗಳ ಕಡಿದಾದ ದಾರಿಯಲ್ಲಿ ಕುದುರೆಗಳು ಒಂದೊಂದಾಗಿ ಸೋತುವು. ಕೆಲವರು ಇಳಿದು ಗುಂಡು ಹಾರಿಸಲು ನಿಂತರು. ಕೊನೆಗೆ ಫಿರಂಗಿಗಳ ಮೇಲೆ ಬೀಳುವ ವೇಳೆಗೆ ಕುದುರೆಯ ಮೇಲೆ ಉಳಿದವರು ಕೆಲವೇ ಮಂದಿ. ಅವರು ಹಿಂಜರಿಯಲಿಲ್ಲ, ಫಿರಂಗಿಗಳು ಕೈವಶವಾದುವು.

ಮಧ್ಯಾಹ್ನ 2 ಗಂಟೆಗೆ ಕೆಳಗೆ ಜೋಧಪುರದವರು ನುಗ್ಗಿದರು. ಹೊಳೆಯನ್ನು ದಾಟಲು ನೋಡಿದಾಗ ದಡದ ಹುದುಲಿನಲ್ಲಿ ಮುಂದಿನ ಕುದುರೆಗಳು ಹೂತುಹೋದುವು. ಒಡನೆಯೇ ಎಡಕ್ಕೆ ತಿರುಗಿ, ಬೆಟ್ಟದ ತಪ್ಪಲಿನ ಯಂತ್ರದ ಬಂದೂಕುಗಳ ಮೇಲೆಯೇ ಬಿದ್ದು, ಅಲ್ಲಿಂದ ಊರೊಳಗೆ ಹೊಕ್ಕರು. ಅವರ ನಾಯಕ ಮೇಜರ್ ದಳಪತ್ ಸಿಂಗ್ ಶೆಖಾವತ್ ಅಲ್ಲಿ ಮಡಿದರು. ಕೆಳಗಿದ್ದ ಮೈಸೂರಿನ ಸವಾರರು ಕುದುರೆಯೇರಿ ಅವರ ಹಿಂದೆಯೇ ಪಟ್ಟಣವನ್ನು ಹೊಕ್ಕರು. 1,350 ಮಂದಿ ಸೆರೆಸಿಕ್ಕಿದರು. 17 ಫಿರಂಗಿಗಳೂ 11 ಯಂತ್ರದ ಬಂದೂಕುಗಳೂ ದೊರೆತುವು. ಇತ್ತ ಮಡಿದವರು 8 ಮಂದಿ, ಗಾಯಗೊಂಡವರು 34 ಮಂದಿ. ಕುದುರೆಗಳ ಲೆಕ್ಕ ಬೇರೆ: ಸತ್ತುವು 60, ಗಾಯಗೊಂಡುವು 83. ಸವಾರನ ಪ್ರಾಣವನ್ನು ಎಷ್ಟೋ ಕಡೆ ಕುದುರೆಯು ತನ್ನ ಪ್ರಾಣದಿಂದ ಕೊಂಡುಕೊಂಡಿತೆಂಬುದು ಈ ಲೆಕ್ಕದಿಂದಲೇ ಸ್ಪಷ್ಟ.

ಹೈಫಾದ ಜಯವನ್ನು ಹಾಡುವವರು ಸಾಮಾನ್ಯವಾಗಿ ಬಯಲಿನ ಧಾವನೆಯನ್ನೇ ಹಾಡುವರು. ಅದು ಸಹಜ, ನಾಯಕನು ಮಡಿದ ಕಡೆಗೆ ಜನರ ಮನಸ್ಸು ಹರಿಯುತ್ತದೆ. ಜೋಧಪುರದವರ ಶೌರ್ಯವನ್ನು ಕಡಿಮೆಮಾಡುವ ಅಗತ್ಯವೇನೂ ಇಲ್ಲ. ಆದರೆ ಬೆಟ್ಟದ ಮೇಲಣ ಕಾರ್ಯವಿಲ್ಲದೆ ಬಯಲಿನ ಕಾರ್ಯವು ಅದೇ ಬೆಲೆಗೆ ಸಾಧ್ಯವಾಗುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ. ಇನ್ನು ಕೆಲವರು ಹೈಫಾವನ್ನು ಚರಿತ್ರೆಯಲ್ಲಿಯೇ ಕಟ್ಟಕಡೆಯ ಅಶ್ವಾಕ್ರಮಣವೆಂದು ಬರೆಯುವರು. ಇದು ಉತ್ಸಾಹದ ಮಾತೇ ಹೊರತು ಸತ್ಯವಲ್ಲ. ಅದೇ ಎರಡು ದಳಗಳು ಒಂದು ತಿಂಗಳು ಮೂರು ದಿನಗಳ ಮೇಲೆ ಮತ್ತೊಮ್ಮೆ ಭರ್ಜಿ ಹಿಡಿದು ನುಗ್ಗಿದುವು; ಆ ದಿನವನ್ನು ಕೇಳಿದವರೇ ಕಡಿಮೆ.

ಅಕ್ಟೋಬರ್ 1ರಂದು ದಮಾಸ್ಕಸ್ ನಗರವು ಬಿದ್ದಿತು. ಜೋರ್ಡಾನ್ ಕಣಿವೆಯಲ್ಲಿ ಹತ್ತಿದ ಚಳಿಜ್ವರವೂ, ಆಗತಾನೆ ಲೋಕವನ್ನೆಲ್ಲ ವ್ಯಾಪಿಸುತ್ತಿದ್ದ ಇನ್‌ಫ್ಲುಯೆಂಜಾ ಜ್ವರವೂ ಸೈನ್ಯವನ್ನು ಹಿಡಿದುವು. ಒಂದು ಅಶ್ವ ಡಿವಿಜನ್ ಮುಂದೆ ನಡೆಯಲಾರದಷ್ಟು ಕುಗ್ಗಿತು. ಮೈಸೂರಿನವರಿದ್ದ 5ನೆಯ ಡಿವಿಜನ್ ಮಾತ್ರ ಹೋಮ್ಸ್, ಹಾಮಾ ಮಾರ್ಗವಾಗಿ ಅಲೆಪ್ಪೋ ಕಡೆಗೆ ಸಾಗಿತು. ಸೆಪ್ಟೆಂಬರ್ 19ರಿಂದ ಲೆಕ್ಕ ಹಾಕಿದರೆ 38 ದಿನಗಳಲ್ಲಿ 500 ಮೈಲಿಗೂ ಹೆಚ್ಚು ದಾರಿ. ಅಕ್ಟೋಬರ್ 26ರ ಬೆಳಗ್ಗೆ ಅಲೆಪ್ಪೋ ಕೈಸೇರಿತು. ಹಿಮ್ಮೆಟ್ಟುತ್ತಿದ್ದ ತುರ್ಕಿ ಸೈನ್ಯವನ್ನು ಬೆನ್ನಟ್ಟಲು 15ನೆಯ ಬ್ರಿಗೇಡ್ ಊರಾಚೆ ವಾಯವ್ಯಕ್ಕೆ ಹೊರಟಿತು. ಆಗ ಅದರಲ್ಲಿ ಉಳಿದಿದ್ದುದು ಜೋಧಪುರ, ಮೈಸೂರು ಎಂಬ ಎರಡೇ ದಳಗಳು. ಅವೂ ಜ್ವರದಿಂದ ಸೊರಗಿದಂಥವು.

ಹರಿತಾನ್ ಎಂಬ ಹಳ್ಳಿಯ ಬಳಿ ದಿಣ್ಣೆಯೊಂದರ ಮೇಲೆ ಶತ್ರುವಿನ ಹಿಂಬದಿಯ ಕಾವಲಿದ್ದಿತು. ಸಣ್ಣ ತುಕಡಿಯೆಂದು ಭಾವಿಸಿ ಮೈಸೂರಿನವರನ್ನು ಪಾರ್ಶ್ವದಿಂದ ಸುತ್ತಿ ನುಗ್ಗುವಂತೆ ಆಜ್ಞಾಪಿಸಿದರು. ಸುತ್ತಿಹೋದಾಗ ಅಲ್ಲಿದ್ದುದು ಸಾವಿರಾರು ಪದಾತಿಗಳ ಸೈನ್ಯ. ಗುಂಡಿನ ಬಿರುಸಿಗೆ ಇನ್ನಷ್ಟು ಬಳಸಿ, ಜೋಧಪುರದವರ ಸಹಾಯದೊಡನೆ ಮೈಸೂರಿನ ಸವಾರರು ಒಳಹೊಕ್ಕರು. ಸುಮಾರು 50 ಮಂದಿ ಶತ್ರುಗಳು ಭರ್ಜಿಗೆ ಸಿಕ್ಕಿದರು, 20 ಮಂದಿ ಸೆರೆಯಾದರು. ಆದರೆ ಹಿಡಿದ ನೆಲದಲ್ಲಿ ನಿಲ್ಲುವಷ್ಟು ಜನರು ಬ್ರಿಗೇಡಿನಲ್ಲಿರಲಿಲ್ಲ. ಆಯುಧವೆಸೆದಿದ್ದ ಕೆಲವರು ಸವಾರರ ಸಂಖ್ಯೆಯು ಎಷ್ಟು ಸ್ವಲ್ಪವೆಂಬುದನ್ನು ಕಂಡು ಮತ್ತೆ ಬಂದೂಕನ್ನೆತ್ತಿಕೊಂಡರು. ದಳಗಳು ಹಿಂದೆ ಸರಿದು, ರಾತ್ರಿ ಬೇರೊಂದು ಬ್ರಿಗೇಡ್ ಬರುವವರೆಗೂ ಶತ್ರುವಿನ ಮೇಲೆ ಕಣ್ಣಿಟ್ಟು ನಿಂತುವು. ಮಡಿದವರು 21, ಗಾಯಗೊಂಡವರು 56, ಕಾಣೆಯಾದವರು 3. ಇದು ನಡೆದ ಐದನೆಯ ದಿನ, ಅಕ್ಟೋಬರ್ 31ರ ಮಧ್ಯಾಹ್ನ, ತುರ್ಕಿಯೊಡನೆ ಯುದ್ಧವು ನಿಂತಿತು.

ಹೈಫಾದಲ್ಲಿ 8, ಹರಿತಾನಿನಲ್ಲಿ 21. ಆದರೂ ಸ್ಮರಣೆಯ ದಿನವು ಸೆಪ್ಟೆಂಬರ್ 23 ಆಗಿದೆ. ಅಕ್ಟೋಬರ್ 26 ಯಾರ ಪಂಚಾಂಗದಲ್ಲಿಯೂ ಇಲ್ಲ. ಗೆದ್ದ ಪಟ್ಟಣಕ್ಕೆ ಹೆಸರಿರುತ್ತದೆ, ರೇವಿರುತ್ತದೆ, ಕೃತಜ್ಞತೆ ಹೇಳುವ ನಾಗರಿಕರಿರುತ್ತಾರೆ. ಒಂದು ದಿಣ್ಣೆಯ ಬಳಿ, ಗೆಲುವೆಂದೂ ಸೋಲೆಂದೂ ಹೇಳಲಾಗದ ಕಾಳಗದಲ್ಲಿ, ಶಾಂತಿಯು ಬಾಗಿಲಿಗೆ ಬಂದು ನಿಂತಿದ್ದಾಗ ಸತ್ತವರಿಗೆ ಇವೊಂದೂ ಇಲ್ಲ. ಊರಿನಲ್ಲಿ ಪತ್ರವನ್ನು ಕಾಯುತ್ತ ಕುಳಿತಿದ್ದ ತಾಯಿಗೆ ಮಾತ್ರ ಎರಡು ದಿನಗಳಲ್ಲಿ ಯಾವ ಭೇದವೂ ಇರಲಾರದು.

ಇವರ ಸ್ಮಾರಕಗಳ ಕಥೆಯನ್ನೂ ಹೇಳಬೇಕು. ದೆಹಲಿಯಲ್ಲಿ 1922ರಲ್ಲಿ ನಿಲ್ಲಿಸಿದ ತೀನ್ ಮೂರ್ತಿಗಳು ಜೋಧಪುರ, ಹೈದರಾಬಾದು, ಮೈಸೂರುಗಳ ಸವಾರರ ಪ್ರತೀಕಗಳು. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಬೆಂಗಳೂರಿನ ಜೆ. ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ತಂಭದಲ್ಲಿ ಮಡಿದವರ ಹೆಸರುಗಳು ಕೆತ್ತಲ್ಪಟ್ಟಿವೆ. ವೀರಗಲ್ಲಿನ ಹಳೆಯ ಪದ್ಧತಿಗೆ ಹತ್ತಿರವಾದುದು ಇದೊಂದೇ ಎನ್ನಬಹುದು. ಈಜಿಪ್ತ್, ಪ್ಯಾಲೆಸ್ಟೈನ್ ರಂಗಗಳಲ್ಲಿ ಮಡಿದು, ಸಮಾಧಿಯಿಲ್ಲದೆ ಹೋದ ಭಾರತೀಯರಿಗಾಗಿ ಸೂಯೆಜ್ ಕಾಲುವೆಯ ತುದಿಯ ಪೋರ್ಟ್ ತೌಫೀಕಿನಲ್ಲಿ 1926ರಲ್ಲಿ ಒಂದು ದೊಡ್ಡ ಸ್ಮಾರಕವು ಸ್ಥಾಪಿತವಾಯಿತು. 1967ರ ಬಳಿಕ ಈಜಿಪ್ತ್ ಮತ್ತು ಇಸ್ರೇಲ್‌ಗಳ ಕದನದಲ್ಲಿ ಅದು ಗುಂಡಿಗೆ ತುತ್ತಾಗಿ ಹಾಳಾಯಿತು. ಒಂದು ಯುದ್ಧದಲ್ಲಿ ಸತ್ತವರ ಹೆಸರುಗಳು ಮತ್ತೊಂದು ಯುದ್ಧದಲ್ಲಿ ಎರಡನೆಯ ಸಲ ಸತ್ತುವು! 1980ರಲ್ಲಿ ಕೈರೋ ನಗರದ ಹೆಲಿಯೊಪೊಲಿಸ್ ಸ್ಮಶಾನದಲ್ಲಿ ಹೊಸ ಫಲಕಗಳನ್ನು ನಿಲ್ಲಿಸಿ, ಸುಮಾರು 4,000 ಹೆಸರುಗಳನ್ನು ಪುನಃ ಬರೆದರು.

ಮೆಸೊಪೊಟೇಮಿಯಾದಲ್ಲಿ ಮಡಿದವರ ಪಾಡು ಇನ್ನೂ ಶೋಚನೀಯ. ಬಸ್ರಾದಲ್ಲಿ ಕಟ್ಟಿದ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳನ್ನೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ರೆಜಿಮೆಂಟುವಾರು ಸಂಖ್ಯೆಯಾಗಿ ತೋರಿಸಿದರು. ಇದು ಸಮಾನತೆಯ ಲೋಪವೆಂದು ಯುದ್ಧಸಮಾಧಿಗಳ ಆಯೋಗವು 2021ರಲ್ಲಿ ತಾನೇ ಒಪ್ಪಿ ಕ್ಷಮೆ ಕೇಳಿತು. ನೂರು ವರ್ಷಗಳು ಬೇಕಾದುವು.

ಹೀಗಿದ್ದರೂ ಹುಡುಕುವವರಿಗೆ ದಾರಿಯು ಪೂರಾ ಮುಚ್ಚಿಲ್ಲ. ಆ ಆಯೋಗದ ದಾಖಲೆಗಳಲ್ಲಿ ಎಷ್ಟೋ ಭಾರತೀಯ ಸೈನಿಕರ ಹೆಸರಿನೊಡನೆ ತಂದೆಯ ಹೆಸರು, ಗ್ರಾಮ, ತಾಲ್ಲೂಕು, ಜಿಲ್ಲೆಗಳೂ ನಮೂದಾಗಿವೆ. ತೊಡಕು ಬರುವುದು ಅಕ್ಷರದಲ್ಲಿ. ಕಿವಿಗೆ ಕೇಳಿದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡ ಗುಮಾಸ್ತನ ಕೈಯಲ್ಲಿ ಬಸವಯ್ಯನು ಬಸಯ್ಯನಾಗಬಹುದು, ಬಸಪ್ಪನೂ ಆಗಬಹುದು. ಹೊಸಹಳ್ಳಿಯೆಂಬ ಊರುಗಳಂತೂ ತಾಲ್ಲೂಕಿಗೆ ಹಲವು. ಊರಿನ ವೃದ್ಧರ ನೆನಪು, ಮನೆಯಲ್ಲಿ ಉಳಿದ ಪದಕ, ಪಿಂಚಣಿಯ ಕಾಗದ, ಜಮೀನಿನ ಖಾತೆ, ಮಠದ ಕಾಣಿಕೆ ಪುಸ್ತಕ ಇವೆಲ್ಲವನ್ನೂ ಆ ನಮೂದಿನ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಅಂಕಿಯು ಮನುಷ್ಯನಾಗುತ್ತದೆ. ಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ದಳಗಳನ್ನು ಕೊರೆದಿರುವುದುಂಟು. ಬೆಳ್ಳಿಯೆಂದು ಅದನ್ನು ಕರಗಿಸಿದ ಮನೆಯವರು ಆ ಹೆಸರನ್ನೂ ಕರಗಿಸಿದಂತೆಯೇ.

ಸವಾರರಿಗಾದರೆ ಇಷ್ಟಾದರೂ ಉಂಟು. ಅವರೊಡನೆ ಹೋದ ಸಾಯಿಸರು, ಲಾಳ ಕಟ್ಟುವವರು, ಭಿಸ್ತಿಗಳು, ಅಡಿಗೆಯವರು ಅದೇ ಬಿಸಿಲು, ಅದೇ ಜ್ವರಗಳನ್ನು ಉಂಡರು. ಹಾಡುಗಳಲ್ಲಿಯೂ ಭಾಷಣಗಳಲ್ಲಿಯೂ ಅವರಿಗೆ ಎಡೆಯಿಲ್ಲ. ನಾಗತ್ತರನ ಮನೆಯಾಳಿಗೆ ದೊರೆತುದು ಇವರಿಗೆ ದೊರೆಯಲಿಲ್ಲ.

ದಳವು 1920ರಲ್ಲಿ ಬೆಂಗಳೂರಿಗೆ ಹಿಂದಿರುಗಿತು. ಹೊರಟು ಐದು ವರ್ಷಗಳು ಮೀರಿದ್ದುವು. ಈ ನಡುವೆ 1918ರ ಇನ್‌ಫ್ಲುಯೆಂಜಾ ಮೈಸೂರು ಸೀಮೆಯನ್ನೂ ಕಾಡಿ, ಹಳ್ಳಿ ಹಳ್ಳಿಗಳಲ್ಲಿ ಮನೆಗಳನ್ನು ಬರಿದುಮಾಡಿದ್ದಿತು. ಗುಂಡುಗಳ ನಡುವೆ ಬದುಕಿ ಬಂದವರಲ್ಲಿ, ಊರಿನಲ್ಲಿ ಸುಖವಾಗಿರುವರೆಂದು ನಂಬಿದ್ದ ತಮ್ಮವರನ್ನು ಕಾಣದವರೂ ಇದ್ದರು. ದಳವು ಸಂಸ್ಥಾನದ ಸೇವೆಯಲ್ಲಿ ಮುಂದುವರಿಯಿತು. ಸಂಸ್ಥಾನಗಳು ಭಾರತದಲ್ಲಿ ವಿಲೀನವಾದ ಮೇಲೆ, 1953ರ ಅಕ್ಟೋಬರ್ 1ರಂದು, ಹಳೆಯ ಸಂಸ್ಥಾನಗಳ ಅಶ್ವದಳಗಳಲ್ಲಿ ಉಳಿದವರನ್ನು ಕೂಡಿಸಿ 61ನೆಯ ಕ್ಯಾವಲ್ರಿಯನ್ನು ರಚಿಸಿದರು. ಜಯಪುರದಲ್ಲಿ ನೆಲಸಿದ ಆ ದಳದಲ್ಲಿ ಜೋಧಪುರದವರೂ ಮೈಸೂರಿನವರೂ ಮತ್ತೊಮ್ಮೆ ಒಂದೇ ಲಾಯದಲ್ಲಿ ಕುದುರೆ ಕಟ್ಟಿದರು.